ಲ್ಯಾಪ್‌ಟಾಪ್‌ನಲ್ಲಿ ಚೂಪು, ಮಾನಿಟರ್‌ನಲ್ಲಿ ಮಬ್ಬು: ಎರಡು ಸ್ಕ್ರೀನ್‌ಗಳನ್ನು ಹೊಂದಿಸುವ ಸಮಗ್ರ ಮಾರ್ಗದರ್ಶಿ

ಹೊಸ ಲ್ಯಾಪ್‌ಟಾಪ್‌ನಲ್ಲಿ ಅಕ್ಷರಗಳು ಕೆತ್ತಿಟ್ಟ ಹಾಗೆ ಕಾಣುತ್ತವೆ. ಹಳೆಯ ಮಾನಿಟರ್ ಜೋಡಿಸಿದ ಕೂಡಲೇ ಗಲಾಟೆ ಶುರು. ಅಲ್ಲಿ ಬಟನ್‌ಗಳು ಆನೆ ಗಾತ್ರ, ಇಲ್ಲಿ ಅಕ್ಷರಗಳು ಇರುವೆ ಸಾಲು. ಮಾನಿಟರ್ ಸರಿ ಮಾಡಿದರೆ ಲ್ಯಾಪ್‌ಟಾಪ್ ಕೆಡುತ್ತದೆ, ಅದನ್ನು ಸರಿ ಮಾಡಿದರೆ ಇದು ಕೆಡುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ.

ಬಹಳಷ್ಟು ಜನ ಸೋಲುವುದು ಒಂದೇ ಜಾಗದಲ್ಲಿ. ಗಾತ್ರ ಸರಿಯಿಲ್ಲ ಅಂತ ಅವರು ರೆಸಲ್ಯೂಷನ್ ಬದಲಿಸುತ್ತಾರೆ. ಬದಲಿಸಬೇಕಾದ್ದು ಸ್ಕೇಲ್. ಎರಡೂ ಒಂದೇ ಸೆಟ್ಟಿಂಗ್ಸ್ ಪುಟದಲ್ಲಿ, ಒಂದರ ಕೆಳಗೊಂದು ಇರುವುದರಿಂದ ಈ ಗೊಂದಲ. ರೆಸಲ್ಯೂಷನ್ ಅಂದರೆ ಎಷ್ಟು ಪಿಕ್ಸೆಲ್ ಬಳಸಬೇಕು ಎಂಬುದು. ಸ್ಕೇಲ್ ಅಂದರೆ ಆ ಪಿಕ್ಸೆಲ್‌ಗಳಲ್ಲಿ ಅಕ್ಷರವನ್ನು ಎಷ್ಟು ದೊಡ್ಡದಾಗಿ ಬರೆಯಬೇಕು ಎಂಬುದು. ಮೊದಲನೆಯದನ್ನು ಇಳಿಸಿದರೆ ಸ್ಕ್ರೀನ್‌ನ ಚೂಪು ಹೋಗುತ್ತದೆ. ಎರಡನೆಯದನ್ನು ಬದಲಿಸಿದರೆ ಗಾತ್ರ ಮಾತ್ರ ಬದಲಾಗುತ್ತದೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಐದನೇ ಹಂತದ ಕೆಲಸವನ್ನು ಮೊದಲೇ ಮಾಡಿದರೆ, ಮೂರನೇ ಹಂತ ಮುಗಿದಾಗ ಅದನ್ನು ಮತ್ತೆ ಮಾಡಬೇಕಾಗುತ್ತದೆ.

## ಹತ್ತಿರ ಇಟ್ಟುಕೊಳ್ಳಬೇಕಾದವು

ಮಾನಿಟರ್‌ಗೆ ನೇರವಾಗಿ ಹೋಗುವ ಒಂದು ಕೇಬಲ್: ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಅಥವಾ ಯುಎಸ್‌ಬಿ-ಸಿ. ವಿಜಿಎ ಅಡಾಪ್ಟರ್ ಇದ್ದರೆ ಸದ್ಯಕ್ಕೆ ಪಕ್ಕಕ್ಕಿಡಿ. ಅದು ಅನಲಾಗ್ ಸಿಗ್ನಲ್, ಅದರಲ್ಲೇ ಸ್ವಲ್ಪ ಮಬ್ಬು ಸೇರಿಕೊಳ್ಳುತ್ತದೆ. ನಾನೊಮ್ಮೆ ಅರ್ಧ ದಿನ ಸ್ಕೇಲಿಂಗ್ ಸೆಟ್ಟಿಂಗ್ ತಿರುವಿ ಹಾಕಿ, ಕೊನೆಗೆ ನೋಡಿದರೆ ತಪ್ಪು ಇದ್ದದ್ದು ಅಂಥದ್ದೇ ಒಂದು ಅಡಾಪ್ಟರ್‌ನಲ್ಲಿ.

ಎರಡನೆಯದು, ಪರೀಕ್ಷೆಗೆ ಒಂದು ಪುಟ ಕನ್ನಡ ಪಠ್ಯ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ‘ಸ್ವಾತಂತ್ರ್ಯ’, ‘ರಾಷ್ಟ್ರ’ದಂಥ ಪದಗಳಲ್ಲಿ ಒತ್ತಕ್ಷರಗಳು ಒಂದರ ಕೆಳಗೊಂದು ಕೂರುತ್ತವೆ. ಪಿಕ್ಸೆಲ್ ಸಾಲದಿದ್ದರೆ ಮೊದಲು ಮುದ್ದೆಯಾಗುವುದು ಅವೇ. ಇಂಗ್ಲಿಷ್ ಪಠ್ಯದಲ್ಲಿ ಗೊತ್ತಾಗದ ಮಬ್ಬು ಇಲ್ಲಿ ಒಂದೇ ನೋಟಕ್ಕೆ ಸಿಗುತ್ತದೆ.

ಮೂರನೆಯದು, ನೀವು ದಿನಾ ಬಳಸುವ ಆ್ಯಪ್‌ಗಳಲ್ಲಿ ಎಲ್ಲಕ್ಕಿಂತ ಹಳೆಯದು. ಬ್ರೌಸರ್‌ನಲ್ಲಿ ಎಲ್ಲ ಸರಿ ಕಂಡರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಹೊಸ ಬ್ರೌಸರ್‌ಗಳು ಸ್ಕ್ರೀನ್ ಬದಲಾದರೆ ತಾವೇ ಹೊಂದಿಕೊಳ್ಳುತ್ತವೆ. ತಕರಾರು ತೆಗೆಯುವುದು ಹಳೆಯ ಆ್ಯಪ್‌ಗಳು.

## ಹಂತ 1: ಎರಡೂ ಸ್ಕ್ರೀನ್‌ಗಳ ಸಾಂದ್ರತೆ ಲೆಕ್ಕ ಹಾಕಿ

ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಇವೆ ಎಂಬುದೇ ಇಲ್ಲಿ ಮುಖ್ಯ. ಇದಕ್ಕೆ ಪಿಪಿಐ ಅನ್ನುತ್ತಾರೆ. ಅಗಲದ ಪಿಕ್ಸೆಲ್ ಸಂಖ್ಯೆಯ ವರ್ಗಕ್ಕೆ ಎತ್ತರದ ಪಿಕ್ಸೆಲ್ ಸಂಖ್ಯೆಯ ವರ್ಗ ಕೂಡಿಸಿ, ವರ್ಗಮೂಲ ತೆಗೆದು, ಸ್ಕ್ರೀನ್‌ನ ಮೂಲೆಯಿಂದ ಮೂಲೆಗಿರುವ ಇಂಚಿನಿಂದ ಭಾಗಿಸಿ. ಲೆಕ್ಕ ಬೇಸರವಾದರೆ ಇವುಗಳಲ್ಲಿ ನಿಮ್ಮದಕ್ಕೆ ಹತ್ತಿರದ್ದು ನೋಡಿಕೊಳ್ಳಿ:

- 15.6 ಇಂಚು, 3840×2160: ಸುಮಾರು 282
- 14 ಇಂಚು, 2880×1800: ಸುಮಾರು 243
- 13.3 ಇಂಚು, 2560×1600: ಸುಮಾರು 227
- 27 ಇಂಚು, 2560×1440: ಸುಮಾರು 109
- 24 ಇಂಚು, 1920×1080: ಸುಮಾರು 92
- 27 ಇಂಚು, 1920×1080: ಸುಮಾರು 82

ವಿಂಡೋಸ್‌ನಲ್ಲಿ 100% ಸ್ಕೇಲ್ ಅಂದರೆ ಇಂಚಿಗೆ 96 ಅನ್ನುವ ಲೆಕ್ಕ. 24 ಇಂಚಿನ 1080 ಮಾನಿಟರ್ ಇದಕ್ಕೆ ತೀರಾ ಹತ್ತಿರ, ಹಾಗಾಗಿ ಅದಕ್ಕೆ 100% ಸರಿ. 243 ಇರುವ ಲ್ಯಾಪ್‌ಟಾಪ್‌ಗೆ ಲೆಕ್ಕದ ಪ್ರಕಾರ 250% ಬೇಕು. ಆದರೆ ಲ್ಯಾಪ್‌ಟಾಪ್ ನಮ್ಮ ಕಣ್ಣಿಗೆ ಹತ್ತಿರ ಇರುತ್ತದೆ, ಮಾನಿಟರ್ ಸ್ವಲ್ಪ ದೂರ. ಅದಕ್ಕೇ 200% ಸಾಕಾಗುತ್ತದೆ. ಅಳತೆಪಟ್ಟಿ ಹಿಡಿದು ಅಳೆದರೆ ಎರಡೂ ಕಡೆ ಅಕ್ಷರ ಒಂದೇ ಅಳತೆ ಬರಲೇಬೇಕು ಅಂತ ಹಠ ಬೇಡ. ಕೂತ ಜಾಗದಿಂದ ನೋಡಿದಾಗ ಒಂದೇ ಥರ ಕಂಡರೆ ಆಯಿತು.

## ಹಂತ 2: ಎರಡಕ್ಕೂ ಅವುಗಳದ್ದೇ ರೆಸಲ್ಯೂಷನ್ ಕೊಡಿ

ಪ್ರತಿ ಸ್ಕ್ರೀನ್‌ಗೂ ಹುಟ್ಟಿನಿಂದ ಬಂದ ಒಂದು ರೆಸಲ್ಯೂಷನ್ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದರ ಪಕ್ಕ ಸಾಮಾನ್ಯವಾಗಿ ‘ರೆಕಮೆಂಡೆಡ್’ ಅಥವಾ ‘ಡೀಫಾಲ್ಟ್’ ಅಂತ ಬರೆದಿರುತ್ತದೆ. ಎರಡಕ್ಕೂ ಅದನ್ನೇ ಆರಿಸಿ, ಆಮೇಲೆ ಆ ಪಟ್ಟಿಯ ತಂಟೆಗೆ ಹೋಗಬೇಡಿ.

ಅದಕ್ಕೂ ಮೊದಲು ಒಂದು ಕೆಲಸ ಇದೆ. ಒಂದೇ ಚಿತ್ರ ಎರಡೂ ಕಡೆ ಕಾಣುವ ಡೂಪ್ಲಿಕೇಟ್ ಮೋಡ್ ಆಫ್ ಮಾಡಿ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ ಪಿ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿ. ಮ್ಯಾಕ್‌ನಲ್ಲಿ ಡೂಪ್ಲಿಕೇಟ್‌ನ ಹೆಸರು ಮಿರರ್, ಅಲ್ಲಿ ಅದನ್ನು ಆಫ್ ಮಾಡಿ. ಒಂದೇ ಚಿತ್ರ ಎರಡಕ್ಕೂ ಹೊಂದಬೇಕು ಅಂದರೆ ಸಾಮಾನ್ಯವಾಗಿ ಲ್ಯಾಪ್‌ಟಾಪ್ ಮಾನಿಟರ್‌ನ ಮಟ್ಟಕ್ಕೆ ಇಳಿಯುತ್ತದೆ. ಲ್ಯಾಪ್‌ಟಾಪ್ 16:10, ಮಾನಿಟರ್ 16:9 ಆಗಿದ್ದರೆ ಮೇಲೆ ಕೆಳಗೆ ಕಪ್ಪು ಪಟ್ಟಿಯೂ ಬರಬಹುದು. ‘ಮಾನಿಟರ್ ಹಾಕಿದ ತಕ್ಷಣ ಲ್ಯಾಪ್‌ಟಾಪ್ ಸ್ಕ್ರೀನೇ ಮಬ್ಬಾಯಿತು’ ಅನ್ನುವವರು ಮೊದಲು ನೋಡಬೇಕಾದ್ದು ಇದನ್ನೇ.

ಈಗ ಮಾನಿಟರ್‌ನ ಸ್ವಂತ ಮೆನು ತೆರೆಯಿರಿ. ಕೆಳಗೋ ಹಿಂದೆಯೋ ಬಟನ್ ಇರುತ್ತದೆ. ಈಗ ಬರುತ್ತಿರುವ ರೆಸಲ್ಯೂಷನ್ ಎಷ್ಟು ಅಂತ ಅಲ್ಲಿ ತೋರಿಸುತ್ತದೆ. ಕಂಪ್ಯೂಟರ್ ಹೇಳುವುದೂ ಮಾನಿಟರ್ ಹೇಳುವುದೂ ಒಂದೇ ಇರಬೇಕು. ಬೇರೆ ಇದ್ದರೆ ನಡುವಿನ ಕೇಬಲ್, ಡಾಕ್ ಅಥವಾ ಅಡಾಪ್ಟರ್ ಏನೋ ಆಟ ಆಡುತ್ತಿದೆ.

ಟಿವಿಯನ್ನೇ ಮಾನಿಟರ್ ಮಾಡಿಕೊಂಡವರಿಗೆ ಇನ್ನೊಂದು ಕಾಟ. ಸ್ಕ್ರೀನ್‌ನ ಅಂಚು ಕತ್ತರಿಸಿ ಹೋಗಿದ್ದರೆ ಅದು ಓವರ್‌ಸ್ಕ್ಯಾನ್. ಟಿವಿ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’, ‘1:1’, ‘ಪಿಸಿ ಮೋಡ್’ ಇವುಗಳಲ್ಲಿ ಯಾವುದಾದರೂ ಒಂದು ಹೆಸರು ಇರುತ್ತದೆ, ಅದನ್ನು ಆರಿಸಿ. ಶಾರ್ಪ್‌ನೆಸ್ ಜಾಸ್ತಿ ಇಟ್ಟಿದ್ದರೆ ಇಳಿಸಿ. ಅಕ್ಷರಗಳ ಸುತ್ತ ಬಿಳಿ ಅಂಚು ಕಾಣಲು ಅದೇ ಕಾರಣ.

## ಹಂತ 3: ಪ್ರತಿ ಸ್ಕ್ರೀನ್‌ಗೂ ಬೇರೆ ಬೇರೆ ಸ್ಕೇಲ್

### ವಿಂಡೋಸ್‌ನಲ್ಲಿ

ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ. ಮೇಲಿರುವ ಚಿತ್ರದಲ್ಲಿ 1, 2 ಅಂತ ಡಬ್ಬಿಗಳು ಕಾಣುತ್ತವೆ. ಮೊದಲು ಡಬ್ಬಿಯನ್ನು ಕ್ಲಿಕ್ ಮಾಡಿ, ಆಮೇಲೆ ಕೆಳಗಿನ ಸ್ಕೇಲ್ ಬದಲಿಸಿ. ಇದನ್ನು ಮರೆತು ಒಂದೇ ಸ್ಕ್ರೀನ್‌ನ ಸ್ಕೇಲನ್ನು ನಾಲ್ಕು ಸಲ ಬದಲಿಸಿ, ‘ಇನ್ನೊಂದರಲ್ಲಿ ಏನೂ ಆಗುತ್ತಿಲ್ಲ’ ಅನ್ನುವವರು ತುಂಬಾ ಜನ. ಯಾವುದು ಯಾವ ಸ್ಕ್ರೀನ್ ಅಂತ ಗೊತ್ತಾಗದಿದ್ದರೆ ‘ಐಡೆಂಟಿಫೈ’ ಒತ್ತಿ.

ಲ್ಯಾಪ್‌ಟಾಪ್‌ಗೆ 200%, ಮಾನಿಟರ್‌ಗೆ 100% ಇಟ್ಟು ಶುರು ಮಾಡಿ. ಚಿಕ್ಕದು ಅನಿಸಿದರೆ ಪಟ್ಟಿಯಲ್ಲಿ ಒಂದು ಮೆಟ್ಟಿಲು ಮಾತ್ರ ಮೇಲೆ ಹೋಗಿ.

ಅಲ್ಲೇ ‘ಕಸ್ಟಮ್ ಸ್ಕೇಲಿಂಗ್’ ಅಂತ ಒಂದು ಖಾನೆ ಇದೆ. 100ರಿಂದ 500ರವರೆಗೆ ಯಾವ ಸಂಖ್ಯೆ ಬೇಕಾದರೂ ಹಾಕಬಹುದು. ದಯವಿಟ್ಟು ಅದನ್ನು ಮುಟ್ಟಬೇಡಿ. ಅಲ್ಲಿ ಹಾಕಿದ ಸಂಖ್ಯೆ ಎಲ್ಲ ಸ್ಕ್ರೀನ್‌ಗೂ ಒಟ್ಟಿಗೇ ಅನ್ವಯಿಸುತ್ತದೆ. ನಮಗೆ ಬೇಕಾದ್ದು ಅದರ ಉಲ್ಟಾ ಅಲ್ವಾ? ಈಗಾಗಲೇ ಹಾಕಿಬಿಟ್ಟಿದ್ದರೆ, ಕಸ್ಟಮ್ ಸ್ಕೇಲ್ ತೆಗೆದು ಸೈನ್ ಔಟ್ ಆಗುವ ಲಿಂಕ್ ಅದೇ ಪುಟದಲ್ಲಿ ಸಿಗುತ್ತದೆ. ಅದನ್ನು ಒತ್ತಿ, ಮತ್ತೆ ಒಳಗೆ ಬಂದು ಈ ಹಂತವನ್ನು ಮೊದಲಿನಿಂದ ಮಾಡಿ.

### ಮ್ಯಾಕ್‌ನಲ್ಲಿ

ಮ್ಯಾಕ್ ಪ್ರತಿ ಸ್ಕ್ರೀನ್‌ನ ಸಾಂದ್ರತೆ ನೋಡಿ ತಾನೇ ಹೊಂದಿಸುತ್ತದೆ. ರೆಟಿನಾ ಅನ್ನುವ ಆ್ಯಪಲ್‌ನ ಹೆಚ್ಚು ಸಾಂದ್ರತೆಯ ಸ್ಕ್ರೀನ್‌ನಲ್ಲಿ ಎರಡು ಪಟ್ಟು ಪಿಕ್ಸೆಲ್‌ನಲ್ಲಿ ಬರೆಯುತ್ತದೆ, ಹಳೆಯ ಮಾನಿಟರ್‌ನಲ್ಲಿ ಒಂದು ಪಟ್ಟು. ನೀವು ಮಾಡಬೇಕಾದ್ದು, ಮಾನಿಟರ್‌ಗೆ ಡೀಫಾಲ್ಟ್ ಬಿಟ್ಟು ಬೇರೇನೂ ಆರಿಸದೆ ಇರುವುದು. ಪೂರ್ತಿ ಪಟ್ಟಿ ತೆರೆದಾಗ ‘ಲೋ ರೆಸಲ್ಯೂಷನ್’ ಅಂತ ಬರೆದ ಸಾಲುಗಳೂ ಕಾಣುತ್ತವೆ. ಲ್ಯಾಪ್‌ಟಾಪ್ ಸ್ಕ್ರೀನ್‌ಗೆ ಅವನ್ನು ಕೊಡಬೇಡಿ.

ಆದರೂ ಮಾನಿಟರ್‌ನಲ್ಲಿ ಅಕ್ಷರ ಸಪೂರ, ಸ್ವಲ್ಪ ಮಬ್ಬು ಅನಿಸುತ್ತದೆ. ಅದು ನಿಮ್ಮ ಭ್ರಮೆ ಅಲ್ಲ. 2018ರ ಮೊಹಾವಿ ಆವೃತ್ತಿಯಿಂದ ಮ್ಯಾಕ್‌ಓಎಸ್ ಸಬ್‌ಪಿಕ್ಸೆಲ್ ಆ್ಯಂಟಿಅಲಿಯಾಸಿಂಗ್ ಬಿಟ್ಟಿದೆ. ಕೆಂಪು, ಹಸಿರು, ನೀಲಿ ಚುಕ್ಕಿಗಳನ್ನು ಬೇರೆ ಬೇರೆಯಾಗಿ ಬಳಸಿ ಅಕ್ಷರದ ಅಂಚು ನಯ ಮಾಡುವ ಹಳೆಯ ಉಪಾಯ ಅದು. ರೆಟಿನಾದಲ್ಲಿ ಅದಿಲ್ಲದಿದ್ದರೂ ನಡೆಯುತ್ತದೆ. 92 ಪಿಪಿಐ ಮಾನಿಟರ್‌ನಲ್ಲಿ ಕೊರತೆ ಕಣ್ಣಿಗೆ ಹೊಡೆಯುತ್ತದೆ.

ಸಪೂರ ಅನ್ನುವುದಕ್ಕಿಂತ ಅಕ್ಷರದ ಅಂಚಿನಲ್ಲಿ ಬಣ್ಣ ಕಂಡರೆ ಕಾರಣ ಬೇರೆ. ಎಚ್‌ಡಿಎಂಐನಲ್ಲಿ ಜೋಡಿಸಿದಾಗ ಮ್ಯಾಕ್ ಕೆಲವು ಮಾನಿಟರ್‌ಗಳನ್ನು ಟಿವಿ ಅಂದುಕೊಂಡು ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಬದಲು ಟಿವಿಯ ಬಣ್ಣದ ಸಿಗ್ನಲ್ ಕಳಿಸುತ್ತದೆ. ಯುಎಸ್‌ಬಿ-ಸಿಯಿಂದ ಡಿಸ್‌ಪ್ಲೇಪೋರ್ಟ್‌ಗೆ ಹೋಗುವ ಕೇಬಲ್ ಹಾಕಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

### ಲಿನಕ್ಸ್‌ನಲ್ಲಿ

ಲಿನಕ್ಸ್‌ನಲ್ಲಿ ಸ್ಕ್ರೀನ್ ಮೇಲೆ ವಿಂಡೋ ಮೂಡಿಸುವ ವ್ಯವಸ್ಥೆಗಳು ಎರಡು: ಹಳೆಯದು ಎಕ್ಸ್11, ಹೊಸದು ವೇಲ್ಯಾಂಡ್. ಇಲ್ಲಿ ಮೊದಲ ಪ್ರಶ್ನೆ: ನೀವಿರುವುದು ವೇಲ್ಯಾಂಡ್‌ನಲ್ಲೋ, ಎಕ್ಸ್11ನಲ್ಲೋ? ನಿಮ್ಮ ಡೆಸ್ಕ್‌ಟಾಪ್ ಗ್ನೋಮ್ ಆದರೆ ಅದರ ಅಬೌಟ್ ಪುಟದಲ್ಲಿ ‘ವಿಂಡೋಯಿಂಗ್ ಸಿಸ್ಟಮ್’ ಎಂಬ ಸಾಲು, ಕೆಡಿಇಯಲ್ಲಿ ‘ಗ್ರಾಫಿಕ್ಸ್ ಪ್ಲಾಟ್‌ಫಾರ್ಮ್’ ಎಂಬ ಸಾಲು ನೋಡಿ. ಇದನ್ನು ನೋಡದೆ ಯಾವ ಸಲಹೆಯನ್ನೂ ಪಾಲಿಸಬೇಡಿ. ಒಂದಕ್ಕೆ ಬರೆದ ಉಪಾಯ ಇನ್ನೊಂದರಲ್ಲಿ ನಡೆಯುವುದಿಲ್ಲ.

ವೇಲ್ಯಾಂಡ್ ಆದರೆ ಕೆಲಸ ಸುಲಭ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಲ್ಯಾಪ್‌ಟಾಪ್‌ಗೆ 200%, ಮಾನಿಟರ್‌ಗೆ 100% ಕೊಡಿ. 125 ಅಥವಾ 150 ಬೇಕಿದ್ದರೆ ಫ್ರ್ಯಾಕ್ಷನಲ್ ಸ್ಕೇಲಿಂಗ್ ಸಿಗುತ್ತದೆ, ಆದರೆ ಪೂರ್ಣಾಂಕದಲ್ಲಿ (100, 200) ಕೆಲಸ ಆಗುವುದಾದರೆ ಅದರ ತಂಟೆ ಬೇಡ. ಎಕ್ಸ್11ಗೆ ಬರೆದ ಹಳೆಯ ಆ್ಯಪ್‌ಗಳು ಫ್ರ್ಯಾಕ್ಷನಲ್‌ನಲ್ಲಿ ಮಬ್ಬಾಗುವುದು ಜಾಸ್ತಿ. ಕೆಡಿಇಯಲ್ಲಿ ಇದಕ್ಕೇ ಒಂದು ಆಯ್ಕೆ ಇದೆ: ಹಳೆಯ ಆ್ಯಪ್ ತಾನೇ ಸ್ಕೇಲ್ ಮಾಡಿಕೊಳ್ಳಬೇಕೋ, ಸಿಸ್ಟಮ್ ಮಾಡಬೇಕೋ ಅಂತ ಕೇಳುತ್ತದೆ. ‘ತಾನೇ’ ಅಂದರೆ ಚೂಪಾಗಿ ಬರುತ್ತದೆ, ಆದರೆ ಕೆಲವು ಆ್ಯಪ್‌ಗಳು ಚಿಕ್ಕದಾಗಿಯೇ ಉಳಿಯುತ್ತವೆ.

ಯಾವ ಆ್ಯಪ್ ಹಳೆಯ ದಾರಿಯಲ್ಲಿ ನಡೆಯುತ್ತಿದೆ ಅಂತ ತಿಳಿಯಲು ಎಕ್ಸ್‌ಐಸ್ (xeyes) ಎಂಬ ಪುಟ್ಟ ಪ್ರೋಗ್ರಾಂ ತೆರೆಯಿರಿ. ಎರಡು ಕಣ್ಣುಗಳು ಮೌಸ್ ಹೋದ ಕಡೆ ನೋಡುತ್ತವೆ. ಮೌಸನ್ನು ಯಾವ ಆ್ಯಪ್‌ನ ಮೇಲೆ ಆಡಿಸಿದಾಗ ಕಣ್ಣು ಅಲ್ಲಾಡುತ್ತದೋ ಅದು ಎಕ್ಸ್11 ಆ್ಯಪ್. ಕಣ್ಣು ಕಲ್ಲಾಗಿ ನಿಂತರೆ ಅದು ವೇಲ್ಯಾಂಡ್‌ದು.

ಎಕ್ಸ್11ನಲ್ಲೇ ಇದ್ದೀರಾ? ಸಾಧ್ಯವಿದ್ದರೆ ಲಾಗಿನ್ ಪುಟದ ಸೆಷನ್ ಮೆನುವಿನಿಂದ ವೇಲ್ಯಾಂಡ್‌ಗೆ ಬನ್ನಿ. ಆಗದಿದ್ದರೆ ಒಂದು ಅಡ್ಡದಾರಿ ಇದೆ. ಇಡೀ ಡೆಸ್ಕ್‌ಟಾಪ್‌ಗೆ 200% ಕೊಟ್ಟು, ಎಕ್ಸ್‌ರ್ಯಾಂಡರ್ (xrandr) ಕಮಾಂಡ್‌ನಿಂದ ಮಾನಿಟರ್‌ಗೆ ಮಾತ್ರ ‘ಸ್ಕೇಲ್ 2×2’ ಹೇಳುವುದು. ಆಗ 1920×1080 ಮಾನಿಟರ್‌ಗೆ 3840×2160 ಚಿತ್ರ ತಯಾರಾಗಿ, ಕುಗ್ಗಿ ಬರುತ್ತದೆ. ಇಲ್ಲಿ ಎಲ್ಲರೂ ಎಡವುವುದು ಜಾಗದ ಲೆಕ್ಕದಲ್ಲಿ. ಲ್ಯಾಪ್‌ಟಾಪ್ 3840 ಅಗಲ ಇದ್ದು ಮಾನಿಟರ್ ಅದರ ಬಲಕ್ಕಿದ್ದರೆ, ಮಾನಿಟರ್ 3840ರಿಂದ ಶುರುವಾಗಬೇಕು. ಮಾನಿಟರ್ ಎಡಕ್ಕಿದ್ದರೆ ಲ್ಯಾಪ್‌ಟಾಪ್ ಶುರುವಾಗಬೇಕಾದ್ದು 1920ರಿಂದ ಅಲ್ಲ, ಹಿಗ್ಗಿದ ಅಗಲವಾದ 3840ರಿಂದ. ತಪ್ಪಿದರೆ ಎರಡೂ ಸ್ಕ್ರೀನ್ ಒಂದರ ಮೇಲೊಂದು ಕೂರುತ್ತವೆ. ಅಕ್ಷರ ಚೂರು ಮೆತ್ತಗೆ ಕಾಣುವುದು, ಗ್ರಾಫಿಕ್ಸ್‌ಗೆ ಕೆಲಸ ಜಾಸ್ತಿಯಾಗುವುದು ಈ ದಾರಿಯಲ್ಲಿ ಇದ್ದದ್ದೇ.

## ಹಂತ 4: ಯಾವುದು ಮುಖ್ಯ ಸ್ಕ್ರೀನ್ ಅಂತ ನಿರ್ಧರಿಸಿ

ಇದು ವಿಂಡೋಸ್‌ನವರಿಗೆ ತುಂಬಾ ಮುಖ್ಯ, ಬೇರೆಯವರು ಕಣ್ಣಾಡಿಸಿಕೊಂಡು ಹೋಗಬಹುದು.

ವಿಂಡೋಸ್ ಆ್ಯಪ್‌ಗಳಲ್ಲಿ ಮೂರು ಜಾತಿ. ಮೊದಲ ಜಾತಿಗೆ ಸ್ಕೇಲ್ ಅಂದರೇನು ಅಂತಲೇ ಗೊತ್ತಿಲ್ಲ. ಎರಡನೆಯದಕ್ಕೆ ಮುಖ್ಯ ಸ್ಕ್ರೀನ್‌ನ ಸ್ಕೇಲ್ ಮಾತ್ರ ಗೊತ್ತು. ಮೂರನೆಯದಕ್ಕೆ ತಾನು ಯಾವ ಸ್ಕ್ರೀನ್‌ನಲ್ಲಿದ್ದೇನೆ ಅಂತ ಗೊತ್ತು, ಅಲ್ಲಿಗೆ ತಕ್ಕಂತೆ ಬದಲಾಗುತ್ತದೆ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಮೇಲಿನ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಪಿಐ ಅವೇರ್‌ನೆಸ್’ (ಡಿಪಿಐ ಅಂದರೆ ಇಲ್ಲಿ ಸ್ಕೇಲ್‌ನ ಲೆಕ್ಕ) ಕಾಲಂ ಸೇರಿಸಿಕೊಂಡರೆ ಯಾವ ಆ್ಯಪ್ ಯಾವ ಜಾತಿ ಅಂತ ಅಲ್ಲೇ ಗೊತ್ತಾಗುತ್ತದೆ. ಬಲು ಉಪಯೋಗದ ಕಾಲಂ ಅದು, ಯಾಕೋ ಬಚ್ಚಿಟ್ಟಿದ್ದಾರೆ.

ತಲೆನೋವು ಎರಡನೇ ಜಾತಿಯದು. ಮುಖ್ಯ ಸ್ಕ್ರೀನ್ 100% ಮಾನಿಟರ್ ಆಗಿದ್ದರೆ, ಅಂಥ ಆ್ಯಪನ್ನು 200% ಲ್ಯಾಪ್‌ಟಾಪ್‌ಗೆ ಎಳೆದಾಗ ವಿಂಡೋಸ್ ಅದರ ಚಿತ್ರವನ್ನು ರಬ್ಬರ್ ಥರ ಹಿಗ್ಗಿಸುತ್ತದೆ. ಮಬ್ಬು ಬರುವುದು ಅಲ್ಲೇ. ಮುಖ್ಯ ಸ್ಕ್ರೀನ್ ಲ್ಯಾಪ್‌ಟಾಪ್ ಆಗಿದ್ದರೆ, ಮಾನಿಟರ್‌ಗೆ ಎಳೆದಾಗ ಚಿತ್ರ ಕುಗ್ಗುತ್ತದೆ. ಹಿಗ್ಗಿದ್ದಕ್ಕಿಂತ ಕುಗ್ಗಿದ್ದು ಕಣ್ಣಿಗೆ ವಾಸಿ.

ಹಾಗಾಗಿ ಹಳೆಯ ಆ್ಯಪ್‌ಗಳನ್ನು ಯಾವುದರಲ್ಲಿ ಇಟ್ಟು ಕೆಲಸ ಮಾಡುತ್ತೀರೋ ಅದನ್ನೇ ಮುಖ್ಯ ಸ್ಕ್ರೀನ್ ಮಾಡಿ. ಎರಡೂ ಕಡೆ ಓಡಾಡಿಸುತ್ತೀರಿ ಅಂದರೆ ಲ್ಯಾಪ್‌ಟಾಪನ್ನು ಮುಖ್ಯ ಮಾಡಿ. ಬದಲಿಸಿದ ಮೇಲೆ ಸೈನ್ ಔಟ್ ಆಗಿ ಮತ್ತೆ ಒಳಗೆ ಬನ್ನಿ. ಇದನ್ನು ಬಿಟ್ಟರೆ ಆ್ಯಪ್‌ಗಳು ಹಳೆಯ ಲೆಕ್ಕವನ್ನೇ ಹಿಡಿದು ಕೂತಿರುತ್ತವೆ, ನೀವು ಸೆಟ್ಟಿಂಗ್ ಕೆಲಸ ಮಾಡಲಿಲ್ಲ ಅಂದುಕೊಂಡು ಸುಮ್ನೆ ಬೇರೇನೋ ಬದಲಿಸುತ್ತೀರಿ.

ಮಾನಿಟರ್ ಆಗಾಗ ಕಿತ್ತು ಮತ್ತೆ ಜೋಡಿಸುವವರಿಗೆ, ಮುಚ್ಚಳ ಮುಚ್ಚಿ ಕೆಲಸ ಮಾಡುವವರಿಗೆ ಇದೇ ಕಾಟ ದಿನಾ ಬರುತ್ತದೆ. ಅಂಥ ಸಮಯದಲ್ಲಿ ಮೊದಲು ಆ ಆ್ಯಪನ್ನು ಪೂರ್ತಿ ಮುಚ್ಚಿ ತೆರೆಯಿರಿ. ಗಡಿಯಾರದ ಪಕ್ಕ ಅದರ ಚಿಹ್ನೆ ಉಳಿದಿದ್ದರೆ ಮುಚ್ಚಿದಂತಾಗಲಿಲ್ಲ, ಅಲ್ಲಿಂದಲೂ ಹೊರಹಾಕಿ. ಅದಕ್ಕೂ ಬಗ್ಗದಿದ್ದರೆ ಸೈನ್ ಔಟ್.

## ಹಂತ 5: ಹಠಮಾರಿ ಆ್ಯಪ್‌ಗಳನ್ನು ಒಂದೊಂದಾಗಿ ಸರಿ ಮಾಡಿ

ಒಂದೊಂದಾಗಿ ಅನ್ನುವುದನ್ನು ಗಮನಿಸಿ. ವಿಂಡೋಸ್‌ನಲ್ಲಿ ಆ್ಯಪ್‌ನ ಮೂಲ ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’.

ಅಲ್ಲಿ ಮೇಲಿನ ಭಾಗದಲ್ಲಿ ‘ಪ್ರೋಗ್ರಾಂ ಡಿಪಿಐ’ ಇರುತ್ತದೆ. ಅದನ್ನು ಆನ್ ಮಾಡಿ, ‘ನಾನು ಈ ಪ್ರೋಗ್ರಾಂ ತೆರೆದಾಗ’ ಅನ್ನುವ ಅರ್ಥದ ಆಯ್ಕೆ ಕೊಟ್ಟು ನೋಡಿ. ಮಾನಿಟರ್ ಆಗಾಗ ಕಿತ್ತು ಮತ್ತೆ ಜೋಡಿಸುವವರಿಗೆ ಇದು ಸಾಕಾಗಬಹುದು.

ಸಾಲದಿದ್ದರೆ ಕೆಳಗಿನ ‘ಓವರ್‌ರೈಡ್’ ಟಿಕ್ ಮಾಡಿ. ಮೂರು ಆಯ್ಕೆಗಳಲ್ಲಿ ಮೊದಲು ‘ಸಿಸ್ಟಮ್ ಎನ್‌ಹ್ಯಾನ್ಸ್‌ಡ್’ ಪ್ರಯತ್ನಿಸಿ. ಕೆಲವು ಹಳೆಯ ಆ್ಯಪ್‌ಗಳ ಅಕ್ಷರವನ್ನು ಇದು ಹಿಗ್ಗಿಸದೆ ಚೂಪಾಗಿಯೇ ಬರೆಸುತ್ತದೆ. ಅದು ನಡೆಯದಿದ್ದರೆ ‘ಸಿಸ್ಟಮ್’. ಆಗ ಗಾತ್ರ ಸರಿ ಬರುತ್ತದೆ, ಮಬ್ಬು ಉಳಿಯುತ್ತದೆ. ಕೊನೆಯದು ‘ಅಪ್ಲಿಕೇಶನ್’. ಇದನ್ನು ಆರಿಸಿದರೆ ವಿಂಡೋಸ್ ಕೈತೊಳೆದುಕೊಳ್ಳುತ್ತದೆ. ಆ್ಯಪ್ ಚೂಪಾಗಿ ಕಾಣುತ್ತದೆ, ಆದರೆ ಲ್ಯಾಪ್‌ಟಾಪ್‌ನಲ್ಲಿ ಭೂತಗನ್ನಡಿ ಹಿಡಿದು ಓದುವಷ್ಟು ಚಿಕ್ಕದಾಗಬಹುದು. ತುಂಬಾ ಜನ ಸಲಹೆ ಕೊಡುವುದು ಇದನ್ನೇ. ನಾನು ಕೊಡುವುದು, ಆ ಆ್ಯಪ್ ಮಾನಿಟರ್‌ನಲ್ಲೇ ಕಾಯಂ ಇರುತ್ತದೆ ಅಂದರೆ ಮಾತ್ರ.

ಜಾವಾದಲ್ಲಿ ಬರೆದ ಆ್ಯಪ್ ಇರುವೆಯಷ್ಟು ಕಂಡರೆ ಅದು ಬಳಸುವ ಜಾವಾ ಆವೃತ್ತಿ ನೋಡಿ. ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಸ್ಕೇಲ್ ಬೆಂಬಲ ಬಂದದ್ದು ಜಾವಾ 9ರಿಂದ. 8ರಲ್ಲಿ ಸಿಕ್ಕಿಕೊಂಡ ಆ್ಯಪ್‌ಗೆ ಎಷ್ಟು ಪೂಜೆ ಮಾಡಿದರೂ ಅಷ್ಟೇ.

ಬ್ರೌಸರ್‌ನಲ್ಲಿ ಒಂದು ಸೈಟ್ ಮಾತ್ರ ವಿಚಿತ್ರ ಗಾತ್ರದಲ್ಲಿದ್ದರೆ ಕಂಟ್ರೋಲ್ ಜೊತೆ ಸೊನ್ನೆ ಒತ್ತಿ. ಅದು ಯಾವಾಗಲೋ ನೀವೇ ಮಾಡಿದ ಝೂಮ್.

## ಹಂತ 6: ಮೌಸ್ ದಾರಿ ಸರಿ ಮಾಡಿ

ವಿಂಡೋಸ್‌ನ ಚಿತ್ರದಲ್ಲಿ 14 ಇಂಚಿನ ಲ್ಯಾಪ್‌ಟಾಪ್ ಡಬ್ಬಿ 24 ಇಂಚಿನ ಮಾನಿಟರ್ ಡಬ್ಬಿಗಿಂತ ದೊಡ್ಡದಾಗಿ ಕಾಣುತ್ತದೆ. ಅದು ಇಂಚನ್ನಲ್ಲ, ಪಿಕ್ಸೆಲ್‌ಗಳನ್ನು ಲೆಕ್ಕ ಹಾಕುತ್ತದೆ. 1800 ಎತ್ತರದ ಲ್ಯಾಪ್‌ಟಾಪ್ ಪಕ್ಕ 1080 ಎತ್ತರದ ಮಾನಿಟರ್ ಇಟ್ಟರೆ, ಉಳಿದ 720 ಪಿಕ್ಸೆಲ್ ಉದ್ದಕ್ಕೂ ಗೋಡೆ. ಮೌಸ್ ಅಲ್ಲಿ ಹೋಗಿ ಡಿಕ್ಕಿ ಹೊಡೆದು ನಿಲ್ಲುತ್ತದೆ. ಮೌಸ್ ಕೆಟ್ಟಿದೆ ಅಂತ ಬದಲಿಸಿದವರೂ ಇದ್ದಾರೆ!

ನೀವು ಜಾಸ್ತಿ ದಾಟುವುದು ಎಲ್ಲಿ ಅಂತ ಗಮನಿಸಿ, ಆ ಅಂಚು ಹೊಂದುವ ಹಾಗೆ ಡಬ್ಬಿಗಳನ್ನು ಎಳೆದಿಡಿ. ವಿಂಡೋಸ್ 11ರಲ್ಲಿ ‘ಮಲ್ಟಿಪಲ್ ಡಿಸ್‌ಪ್ಲೇಸ್’ ಕೆಳಗೆ ‘ಈಸ್ ಕರ್ಸರ್ ಮೂವ್‌ಮೆಂಟ್’ ಆನ್ ಮಾಡಿದರೆ ಗೋಡೆ ಇರುವ ಕಡೆಯೂ ಮೌಸ್ ದಾಟುತ್ತದೆ. ವಿಂಡೋವನ್ನು ಎಳೆಯುವ ರಗಳೆಯೇ ಬೇಡ ಅಂದರೆ ವಿಂಡೋಸ್ ಕೀ, ಶಿಫ್ಟ್ ಮತ್ತು ಬಾಣದ ಗುರುತು. ಅರ್ಧಕ್ಕಿಂತ ಹೆಚ್ಚು ದಾಟಿದಾಗ ವಿಂಡೋ ಪಕ್ಕನೆ ಗಾತ್ರ ಬದಲಿಸಿದರೆ ಗಾಬರಿ ಬೇಡ. ಅದು ಮೂರನೇ ಜಾತಿಯ ಒಳ್ಳೆಯ ಆ್ಯಪ್‌ನ ಲಕ್ಷಣ.

## ಎಲ್ಲಿ ತಪ್ಪಿದೆ ಅಂತ ಹೇಳುವ ಗುರುತುಗಳು

ಮಾನಿಟರ್‌ನಲ್ಲಿ ಎಲ್ಲವೂ ಮಬ್ಬು, ಸ್ಟಾರ್ಟ್ ಮೆನು ಕೂಡ. ಸ್ಕೇಲ್‌ನ ತಪ್ಪಲ್ಲ. ಹಂತ 2ಕ್ಕೆ ಹೋಗಿ, ರೆಸಲ್ಯೂಷನ್ ಮತ್ತು ಕೇಬಲ್ ನೋಡಿ.

ಒಂದೇ ಆ್ಯಪ್ ಮಬ್ಬು, ಉಳಿದವು ಸರಿ. ಹಂತ 5. ಇದಕ್ಕಾಗಿ ಇಡೀ ಸಿಸ್ಟಮ್‌ನ ಸೆಟ್ಟಿಂಗ್ ಬದಲಿಸಬೇಡಿ.

ಬೆಳಿಗ್ಗೆ ಸರಿಯಿತ್ತು, ಮಾನಿಟರ್ ಕಿತ್ತ ಮೇಲೆ ಕೆಟ್ಟಿತು. ಹಂತ 4ರ ಕೊನೆಯ ಭಾಗ.

ಅಕ್ಷರದ ಅಂಚಿನಲ್ಲಿ ಬಣ್ಣ. ವಿಂಡೋಸ್‌ನಲ್ಲಿ ಅಕ್ಷರದ ಅಂಚು ಹೊಂದಿಸುವ ಕ್ಲಿಯರ್‌ಟೈಪ್ ಟ್ಯೂನರ್ ಅನ್ನು ಎರಡೂ ಸ್ಕ್ರೀನ್‌ಗೆ ನಡೆಸಿ. ಮಾನಿಟರನ್ನು ಉದ್ದಕ್ಕೆ ತಿರುಗಿಸಿ ನಿಲ್ಲಿಸಿದ್ದರೆ ಕೆಂಪು, ಹಸಿರು, ನೀಲಿ ಚುಕ್ಕಿಗಳು ಪಕ್ಕಪಕ್ಕದ ಬದಲು ಒಂದರ ಮೇಲೊಂದು ಇರುತ್ತವೆ, ಅಂಚು ಪೂರ್ತಿ ನಯವಾಗುವುದಿಲ್ಲ.

ಸ್ಕ್ರೀನ್‌ಶಾಟ್ ಮಾನಿಟರ್‌ನಲ್ಲಿ ಎರಡರಷ್ಟು ದೊಡ್ಡದಾಗಿ ಕಾಣುತ್ತದೆ. ಏನೂ ಕೆಟ್ಟಿಲ್ಲ. 200% ಸ್ಕ್ರೀನ್‌ನಲ್ಲಿ ತೆಗೆದ ಚಿತ್ರದಲ್ಲಿ ಪಿಕ್ಸೆಲ್‌ಗಳೇ ಅಷ್ಟಿರುತ್ತವೆ. ಬೇರೆಯವರಿಗೆ ಕಳಿಸುವುದಿದ್ದರೆ ಮಾನಿಟರ್‌ನಲ್ಲೇ ತೆಗೆಯಿರಿ.

## ಇಷ್ಟಾದರೂ ಉಳಿಯುವುದು

ಗಾತ್ರ ಹೊಂದಿಸಬಹುದು, ಚೂಪು ಹೊಂದಿಸಲಾಗದು. 92 ಪಿಪಿಐ ಸ್ಕ್ರೀನ್ 243 ಆಗುವುದಿಲ್ಲ. ದಿನವಿಡೀ ಲ್ಯಾಪ್‌ಟಾಪ್ ನೋಡಿದ ಕಣ್ಣಿಗೆ, ಮೊದಲು ಚೆನ್ನಾಗಿಯೇ ಇದ್ದ ಮಾನಿಟರ್ ಈಗ ಒರಟು ಅನಿಸುತ್ತದೆ. ಪರೀಕ್ಷೆಯ ಕನ್ನಡ ಪುಟವನ್ನು ಮಾನಿಟರ್‌ನಲ್ಲಿ ತೆರೆದು, ಅಕ್ಷರದ ಒರಟು ಕಣ್ಣಿಗೆ ಬೀಳದಷ್ಟು ಮಾನಿಟರನ್ನು ಹಿಂದಕ್ಕೆ ತಳ್ಳಿ ನೋಡಿ. ಒತ್ತಕ್ಷರ ಓದಲು ಕಷ್ಟವಾದರೆ ಆ ಪುಟವನ್ನು ಮಾತ್ರ ಝೂಮ್ ಮಾಡಿ. 27 ಇಂಚಿನ 1080 ಮಾನಿಟರ್ ಇರುವವರು ಇನ್ನೂ ಸ್ವಲ್ಪ ಹಿಂದಿಡಬೇಕಾಗುತ್ತದೆ. ನಾನಂತೂ ಓದು ಬರಹ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡಿದ್ದೇನೆ. ಲೆಕ್ಕದ ಹಾಳೆ, ವಿಡಿಯೋ, ಮೇಲ್ ಎಲ್ಲ ಮಾನಿಟರ್‌ಗೆ.